ಸಾಲ್ವಿಯಾಗಳಲ್ಲಿ ನನ್ನ ಓಟು ಲ್ಯೂಕಾಂತಾಕ್ಕೆ, ಆದರೆ ಬೀದಿದೀಪದಿಂದ ದೂರ

ಬೆಂಗಳೂರು, ಮೈಸೂರು ಕಡೆಯ ಅಂಗಳಕ್ಕೆ ವರ್ಷಗಟ್ಟಲೆ ಬಾಳುವ ಒಂದೇ ಒಂದು ಸಾಲ್ವಿಯಾ (ತೆನೆಯಂತೆ ಹೂಬಿಡುವ ಅಲಂಕಾರದ ಗಿಡ) ಬೇಕೆಂದರೆ ಲ್ಯೂಕಾಂತಾ ಎಂಬ ಬಗೆ ತನ್ನಿ. ಮೆಕ್ಸಿಕೊ ಮೂಲದ ಗಿಡ. ನೇರಳೆ ಮಕಮಲ್ಲಿನಂಥ ತೆನೆ. ಹೂ ಉದುರಿದರೂ ಅದರ ಬುಡದ ಬಟ್ಟಲಿನ (ಪುಷ್ಪಪಾತ್ರೆ) ಬಣ್ಣ ಮಾಸದೆ ತೆನೆ ವಾರಗಟ್ಟಲೆ ನಿಲ್ಲುತ್ತದೆ. ಮೂರ್ನಾಲ್ಕು ಅಡಿ ಎತ್ತರ, ಅಷ್ಟೇ ಅಗಲ. ಹಾಗಾಗಿ ಕುಂಡಕ್ಕಿಂತ ನೆಲವೇ ಸರಿ.

ತಕರಾರು ಒಂದೇ: ಬೆಳಕು. ರಾತ್ರಿ ಉದ್ದವಾದರೆ ಮಾತ್ರ ಇದು ಮೊಗ್ಗು ಕಟ್ಟುವುದು. ಗೇಟಿನ ಪಕ್ಕ, ಬೀದಿದೀಪ ಅಥವಾ ಪೋರ್ಟಿಕೋದ ಎಲ್ಇಡಿ ಇಡೀ ರಾತ್ರಿ ಬೀಳುವ ಕಡೆ ನೆಟ್ಟರೆ ಎಲೆ ಸೊಂಪಾಗಿರುತ್ತದೆ, ಹೂವಿನ ಸುಳಿವಿರುವುದಿಲ್ಲ. ಗೊಬ್ಬರ ಸಾಲದು ಅಂದುಕೊಂಡು ಯೂರಿಯಾ ಹಾಕುವವರೇ ಹೆಚ್ಚು. ಆಗ ಕಾಂಡ ಇನ್ನಷ್ಟು ಮೆತ್ತಗಾಗಿ ಮೊದಲ ಜೋರು ಮಳೆಗೆ ಗಿಡ ಮಲಗುತ್ತದೆ. ಗೊಬ್ಬರ ನಿಲ್ಲಿಸಿ, ಜಾಗ ಬದಲಿಸಿ. ಅದಾಗದಿದ್ದರೆ ದೀಪಕ್ಕೆ ಮರೆ ಕಟ್ಟಿ.

ಕತ್ತರಿ ಹಾಕುವ ಕಾಲ ತಪ್ಪಿದರೂ ಹೀಗೇ. ಹೂ ಮುಗಿದ ಮೇಲೆ, ಫೆಬ್ರವರಿ ಕೊನೆಗೆ, ಬುಡದಿಂದ ಆರು ಇಂಚು ಬಿಟ್ಟು ಪೂರ್ತಿ ಕತ್ತರಿಸಿ. ಜುಲೈವರೆಗೆ ಕುಡಿ ಚಿವುಟುತ್ತಿದ್ದರೆ ಪೊದೆ ತುಂಬಿಕೊಳ್ಳುತ್ತದೆ. ಸೆಪ್ಟೆಂಬರಿನಲ್ಲಿ ಒಪ್ಪ ಮಾಡಲು ಹೋದರೆ ತೆನೆ ಬರಬೇಕಾದ ತುದಿಗಳೇ ಹೋಗುತ್ತವೆ.

ಉಳಿದ ಸಾಲ್ವಿಯಾಗಳಲ್ಲಿ ಫಾರಿನೇಶಿಯಾದ್ದು ನೀಲಿ ಹೂ, ಒಂದೂವರೆ ಅಡಿ ಎತ್ತರ. ರಾತ್ರಿ ಉದ್ದವಾಗಲೆಂದು ಕಾಯದೆ ಹೂಬಿಡುತ್ತದೆ, ಎಂಟು ಇಂಚಿನ ಕುಂಡ ಸಾಕು. ಬಾಲ್ಕನಿಯವರಿಗೆ ಇದೇ ಸರಿ. ಬೀಜ ಹಾಕುವಾಗ ಮಣ್ಣು ಮುಚ್ಚಬೇಡಿ, ಮೊಳೆಯಲು ಬೆಳಕು ಬೇಕು. ಒಣಗಿದ ತೆನೆ ಆಗಾಗ ತೆಗೆಯಬೇಕು. ಎಲೆಯಡಿ ಬಿಳಿನೊಣ ಕಂಡರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಒಂದೆರಡು ಹನಿ ಸೋಪಿನ ದ್ರಾವಣ ಕಲಸಿ ಸಂಜೆ ಸಿಂಪಡಿಸಿ. ಗಿಡ ಹಳೆಯದಾದಂತೆ ಬುಡ ಕಟ್ಟಿಗೆಯಾಗಿ ಹೂ ಕಡಿಮೆಯಾಗುತ್ತದೆ. ಮತ್ತೆ ಹೊಸ ಸಸಿ, ಮತ್ತೆ ಖರ್ಚು.

ಗ್ವಾರಾನಿಟಿಕಾ ಅರೆನೆರಳಲ್ಲೂ ಬರುತ್ತದೆ, ಸೂರಕ್ಕಿಗಳಿಗೆ ಇಷ್ಟ. ಬೇರಿನಿಂದಲೇ ಹಬ್ಬುತ್ತದೆ, ಪಾತಿಗೆ ಗಡಿ ಕಟ್ಟಿಯೇ ನೆಡಿ.

ನೆಮೊರೋಸಾ? ಫೋಟೊ ನೋಡಿ ಮರುಳಾಗಬೇಡಿ. ಅದಕ್ಕೆ ಯುರೋಪಿನ ಚಳಿಗಾಲ ಬೇಕು.

ವಾರಕ್ಕೊಮ್ಮೆ ಮಾತ್ರ ತೋಟಕ್ಕಿಳಿಯುವ, ಗಿಡಕ್ಕೆ ಪದೇ ಪದೇ ದುಡ್ಡು ಸುರಿಯದ ನನ್ನಂಥವರಿಗೆ ಲ್ಯೂಕಾಂತಾದ ಒಂದು ಸಸಿ ಸಾಕು. ಹೂವಿಲ್ಲದ ಎಳೆ ಕುಡಿಯಿಂದ ನಾಲ್ಕು ಇಂಚಿನ ಕಡ್ಡಿ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಒಂದು ಗಿಣ್ಣು ಒಳಗಿರುವಂತೆ ಸಮಭಾಗ ಮರಳು, ಕೋಕೊಪೀಟ್‌ (ತೆಂಗಿನ ನಾರಿನ ಪುಡಿ) ಮಿಶ್ರಣದಲ್ಲಿ ಊರಿ ನೆರಳಲ್ಲಿಡಿ. ಮೂರು ವಾರದ ಹೊತ್ತಿಗೆ ಬೇರು ಬರುತ್ತದೆ. ಸಾಲಾಗಿ ನೆಡುವಾಗ ನಡುವೆ ಮೂರು ಅಡಿ ಬಿಡಿ.