ಚಿತ್ರದುರ್ಗದ ಕೋಟೆ: ನೀರಿನ ಜಾಡು ಹಿಡಿದು ನಡೆದರೆ

ಟಿಕೆಟ್ 25 ರೂಪಾಯಿ, ಆನ್‌ಲೈನ್‌ನಲ್ಲಿ ತೆಗೆದರೆ 20. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಬೆಳಗ್ಗೆ 6ರಿಂದ ಸಂಜೆ 6ರವರೆಗೆ ತೆರೆದಿರುತ್ತದೆ. ಈ ದುಡ್ಡಿಗೆ ಇಷ್ಟು ದೊಡ್ಡ ನೋಟ ಸಿಗುವ ಜಾಗ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಆದರೆ ಬಂದವರಲ್ಲಿ ಹೆಚ್ಚಿನವರು ಕಾಲು ಭಾಗ ನೋಡಿ ಇಳಿಯುತ್ತಾರೆ. ಹಂಪಿಗೆ ಹೋಗುವ ದಾರಿಯಲ್ಲಿ ಎರಡು ಗಂಟೆ ಗಾಡಿ ನಿಲ್ಲಿಸುವುದು, ಓಬವ್ವನ ಕಿಂಡಿ ಮುಂದೆ ಒಂದು ಫೋಟೊ, ಆಮೇಲೆ ಏದುಸಿರು ಬಿಡುತ್ತಾ ಕೆಳಗೆ. ಇದರಲ್ಲಿ ಕೋಟೆಯದೇನೂ ತಪ್ಪಿಲ್ಲ.

ಐದು ಗಂಟೆ ಇಟ್ಟುಕೊಳ್ಳಿ, ಬಾಗಿಲು ತೆಗೆಯುವ ಹೊತ್ತಿಗೇ ಒಳಗಿರಿ. ಬೆಳಗ್ಗೆ ಹತ್ತು ದಾಟಿತೆಂದರೆ ಬಂಡೆ ಕಾವೇರುತ್ತದೆ. ಮೇಲಿನ ಬಿಸಿಲಿಗಿಂತ ಕೆಳಗಿನಿಂದ ಹೊಡೆಯುವ ಝಳವೇ ಜಾಸ್ತಿ. ಮಾರ್ಚ್‌ನಿಂದ ಮೇವರೆಗೆ ಬರಲೇಬೇಡಿ ಅಂದರೂ ನಡೆಯುತ್ತದೆ. ಒಳ್ಳೆಯ ಕಾಲ ಅಕ್ಟೋಬರ್‌ನಿಂದ ಜನವರಿ. ಹಿಂಗಾರು ಸರಿಯಾಗಿ ಬಿದ್ದಿದ್ದರೆ ಆಗ ಹೊಂಡಗಳಲ್ಲಿ ನೀರಿರುತ್ತದೆ, ಮತ್ತು ಈ ಕೋಟೆ ಅರ್ಥವಾಗುವುದೇ ನೀರಿನಿಂದ.

ಹತ್ತುವ ದಾರಿಯಲ್ಲಿ ಮೊದಲು ಬಾಗಿಲುಗಳನ್ನು ಗಮನಿಸಿ. ಒಂದು ಬಾಗಿಲು ದಾಟಿದರೆ ಮುಂದಿನದು ಎದುರಿಗೆ ಕಾಣುವುದಿಲ್ಲ. ದಾರಿ ಥಟ್ಟನೆ ತಿರುಗುತ್ತದೆ, ಅಗಲವೂ ಕಡಿಮೆ. ಆನೆ ಓಡಿಬಂದು ಕದಕ್ಕೆ ಗುದ್ದಬೇಕೆಂದರೆ ಜಾಗ ಬೇಕಲ್ಲ, ಅದನ್ನೇ ಕಿತ್ತುಕೊಂಡಿದ್ದಾರೆ. ಗೋಡೆಯ ಬುಡದಲ್ಲಿ ಕಲ್ಲಿಗೆ ಕಲ್ಲು ಕೂಡಿದ ಸಂದಿಗೆ ಉಗುರು ತೂರಿಸಿ ನೋಡಿ, ಗಾರೆ ಸಿಗುವುದಿಲ್ಲ. ಸ್ವಲ್ಪ ಮೇಲೆ ತಗ್ಗಿನಲ್ಲಿ ಸಿಡಿಮದ್ದು ಬೀಸುವ ದೊಡ್ಡ ಕಲ್ಲುಗಳಿವೆ, ನಾಲ್ಕು. ಅಕ್ಕಪಕ್ಕದ ಬಂಡೆಗಳ ಅಂಚಿನಲ್ಲಿ ಗೇಣುದ್ದಕ್ಕೆ ಸಾಲಾಗಿ ಚೌಕಾಕಾರದ ಗುಳಿ ಕಂಡರೆ ಅದು ಬೆಣೆ ಹೊಡೆದು ಕಲ್ಲು ಸೀಳಿದ ಗುರುತು. ಕೋಟೆ ಕಟ್ಟಿದ ಕಲ್ಲಿನ ಗಣಿಯೂ ಕೋಟೆಯೊಳಗೇ ಇದೆ ಅನ್ನುವುದು ಆ ಗುಳಿಗಳಿಂದ ತಿಳಿಯುತ್ತದೆ.

ಏಕನಾಥೇಶ್ವರಿ, ಉಯ್ಯಾಲೆ ಕಂಬದ ಸಂಪಿಗೆ ಸಿದ್ದೇಶ್ವರ, ಹಿಡಿಂಬನದೆಂದು ತೋರಿಸುವ ಹಲ್ಲು ಇರುವ ಹಿಡಿಂಬೇಶ್ವರ, ಇಷ್ಟನ್ನು ಎಲ್ಲರೂ ನೋಡುತ್ತಾರೆ. ಅಲ್ಲಿಂದ ಮುಂದೆ ಗೋಪಾಲಸ್ವಾಮಿ ಗುಡಿಯ ಕಡೆ ಹೋಗುವವರು ಕಡಿಮೆ. ನಮ್ಮ ಪ್ರಕಾರ ಕೋಟೆಯ ಹೃದಯ ಅಲ್ಲಿದೆ. ಸುತ್ತಲಿನ ಬೋಳು ಬಂಡೆಗಳ ಮೇಲೆ ಬಿದ್ದ ಮಳೆ ಇಳಿದು ಗೋಪಾಲಸ್ವಾಮಿ ಹೊಂಡ ಸೇರುತ್ತದೆ. ಅದು ತುಂಬಿ ಕೋಡಿ ಬಿದ್ದರೆ ನೀರು ಅಕ್ಕ-ತಂಗಿ ಹೊಂಡಕ್ಕೆ. ಅದೂ ತುಂಬಿದರೆ ಬೆಟ್ಟದ ಕೆಳಗೆ, ಊರೊಳಗಿನ ಸಿಹಿನೀರು ಹೊಂಡಕ್ಕೆ, ಅಲ್ಲಿಂದ ಸಂತೆ ಹೊಂಡಕ್ಕೆ. ಮೇಲಿನ ಹೊಂಡದ ದಂಡೆಯಲ್ಲಿ ಹತ್ತು ನಿಮಿಷ ಕೂತು ಬಂಡೆಯ ಇಳಿಜಾರನ್ನು ನೋಡಿ: ನೀರು ಹರಿದ ಕಡೆಯೆಲ್ಲ ಕಲ್ಲು ಕಪ್ಪಾಗಿದೆ. ಆ ಕಪ್ಪು ಗೆರೆಗಳನ್ನು ಕಣ್ಣಲ್ಲೇ ಹಿಂಬಾಲಿಸಿದರೆ ನೀರು ಎಲ್ಲಿಂದ ಬರುತ್ತದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗೆ ಬಾಯಿ ಬಿಡುವ ಬಯಲುಸೀಮೆಯಲ್ಲಿ ಒಂದು ಕೋಟೆ ಮುತ್ತಿಗೆ ತಡೆದುಕೊಂಡು ನಿಂತದ್ದು ಗೋಡೆಯಿಂದ ಎಷ್ಟೋ, ಈ ಹೊಂಡಗಳಿಂದಲೂ ಅಷ್ಟೇ. ಹೈದರಾಲಿಗೆ ಇದು ಕೊನೆಗೆ ದಕ್ಕಿದ್ದು 1779ರಲ್ಲಿ.

ಈಗ ಓಬವ್ವನ ಕಿಂಡಿಗೆ ಬನ್ನಿ. ಮೊದಲು ಕಿಂಡಿಗೆ ಓಡಬೇಡಿ, ತಣ್ಣೀರು ದೋಣಿ ಎಂಬ ನೀರಿನ ತಾಣ ನೋಡಿ. ಕಾವಲಿನ ಗಂಡ ಊಟಕ್ಕೆ ಕೂತಾಗ ಅವಳು ಕೊಡ ಹಿಡಿದು ಬಂದದ್ದು ನೀರಿಗೆ. ಕಿಂಡಿಯಲ್ಲಿ ಸದ್ದು ಕೇಳಿದ್ದು ಆವಾಗ. ಎರಡರ ನಡುವಿನ ದೂರವನ್ನು ನಡೆದೇ ನೋಡಿದರೆ ಚಿಕ್ಕಂದಿನಿಂದ ಕೇಳಿದ ಕಥೆ ಕಾಲಿಗೆ ತಿಳಿಯುತ್ತದೆ.

ತುಪ್ಪದ ಕೊಳದ ಬತೇರಿ (ಕಾವಲು ಬುರುಜು) ಹತ್ತುವುದು ಬಿಡುವುದು ನಿಮ್ಮ ಮಂಡಿಗೆ ಬಿಟ್ಟದ್ದು. ಬಂಡೆಗೆ ಕೊರೆದ ಕಾಲ್ಗುಳಿಗಳಲ್ಲಿ ಪಾದದ ಮುಂಭಾಗ ಮಾತ್ರ ಕೂರುತ್ತದೆ. ಹತ್ತುವಾಗ ಸಲೀಸು, ಇಳಿಯುವಾಗ ಮುಂದಿನ ಗುಳಿ ಕಾಣುವುದಿಲ್ಲ. ಅದಕ್ಕೇ ಬಂಡೆಗೆ ಮುಖ ಮಾಡಿ, ಏಣಿ ಇಳಿದ ಹಾಗೆ ಇಳಿಯಬೇಕು. ಹನಿ ಮಳೆ ಬಿದ್ದಿದ್ದರೂ ಬೇಡ. ಮಕ್ಕಳನ್ನು ಎತ್ತಿಕೊಂಡಂತೂ ಬೇಡವೇ ಬೇಡ.

ಕಾಲಿಗೆ ಮೆತ್ತನೆ ರಬ್ಬರ್ ಅಟ್ಟೆಯ ಶೂ ಹಾಕಿ. ಸವೆದು ನುಣುಪಾದ ಮೆಟ್ಟಿಲ ಮೇಲೆ ಚರ್ಮದ ಅಟ್ಟೆ ಜಾರುತ್ತದೆ, ಹವಾಯಿ ಚಪ್ಪಲಿ ಇಳಿಜಾರಿನಲ್ಲಿ ಹೆಬ್ಬೆರಳನ್ನು ಕೊಲ್ಲುತ್ತದೆ. ಹೊಂಡದ ಮೆಟ್ಟಿಲಲ್ಲಿ ಪಾಚಿ, ಕೊನೆಯ ಮೂರ್ನಾಲ್ಕು ಮೆಟ್ಟಿಲು ಇಳಿಯಬೇಡಿ. ತಲಾ ಎರಡು ಲೀಟರ್ ನೀರು ಕೆಳಗಿನಿಂದಲೇ ಹೊತ್ತುಕೊಳ್ಳಿ. ಮೇಲೆ ಸಿಕ್ಕೀತೆಂದು ನಂಬಿ ಹತ್ತಬೇಡಿ. ತಿಂಡಿಯನ್ನು ಕೈಯಲ್ಲಿ ಪ್ಲಾಸ್ಟಿಕ್ ಕವರ್‌ನಲ್ಲಿ ತೂಗಾಡಿಸಿಕೊಂಡು ಹೋದರೆ ಅದು ಕೋತಿಗೆ ಕೊಟ್ಟ ಆಹ್ವಾನ. ಕವರಿನ ಚರಚರ ಸದ್ದೇ ಸಾಕು ಅವಕ್ಕೆ. ಚೀಲದ ಒಳಗಿಟ್ಟು ಜಿಪ್ ಎಳೆಯಿರಿ.

ಗೈಡ್ ಬೇಕೇ? ಮೊದಲ ಸಲಕ್ಕೆ ಬೇಕು. ಆದರೆ ಮಾಮೂಲಿ ಸುತ್ತು ಅಂದರೆ 19 ಬಾಗಿಲು, 38 ದಿಡ್ಡಿ ಬಾಗಿಲು ಅಂತ ಮಗ್ಗಿ ಒಪ್ಪಿಸಿ, ಬಂಡೆಗಳಲ್ಲಿ ಆನೆ, ಕಪ್ಪೆ ತೋರಿಸಿ ಮುಗಿಸುವುದು. ಹಾಗಾಗಿ ಹೊರಡುವ ಮೊದಲೇ ದರ ಮಾತಾಡಿ, ‘ಗೋಪಾಲಸ್ವಾಮಿ ಹೊಂಡದವರೆಗೆ ಬರ್ತೀರಾ ಅಣ್ಣಾ, ನಿಧಾನಕ್ಕೆ ನಡೀತೀವಿ’ ಅಂತ ಕೇಳಿ. ಮುಖ ಸಪ್ಪಗಾದರೆ ಬೇರೆಯವರನ್ನು ನೋಡಿ. ಹೊಂಡದ ಕಡೆ ಖುಷಿಯಿಂದ ಬರುವವರು ಸಿಕ್ಕರೆ ನಿಮ್ಮ ಅದೃಷ್ಟ, ಅವರಿಗೆ ನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ನೀರಿನ ಜಾಡನ್ನು ಕೋಟೆಯೊಳಗಿಂದಲೇ ಊರವರೆಗೆ ಇಳಿಸುತ್ತೇವೆಂದು ಮಾತ್ರ ಹೊರಡಬೇಡಿ. ಪೊದೆ, ಸಡಿಲ ಕಲ್ಲು, ದಾರಿ ತಪ್ಪಿಸುವ ಸಂದಿಗಳು. ಬಂದ ದಾರಿಯಲ್ಲೇ ಇಳಿದು, ಮಂಡಕ್ಕಿ ಒಗ್ಗರಣೆ ಜೊತೆ ಎರಡು ಮೆಣಸಿನಕಾಯಿ ಬಜ್ಜಿ ತಿಂದು, ಸಿಹಿನೀರು ಹೊಂಡ, ಸಂತೆ ಹೊಂಡಗಳನ್ನು ಪೇಟೆಯಲ್ಲಿ ಕೇಳಿಕೊಂಡು ನಡೆಯಿರಿ. ದಾರಿಯಲ್ಲಿ ರಂಗಯ್ಯನ ಬಾಗಿಲನ್ನೂ ಹಾದು ಬನ್ನಿ. ಅದೂ ಕೋಟೆಯದೇ, ಏಳು ಸುತ್ತಿನಲ್ಲಿ ಹೊರಗಿನ ಸುತ್ತುಗಳನ್ನು ಊರು ನುಂಗಿಕೊಂಡಿದೆ. ಬೆಟ್ಟದ ಮೇಲಿದ್ದ ಸದ್ದಿಲ್ಲದ ಗೋಡೆಗೂ ಇಲ್ಲಿ ಆಟೋ ಹಾರನ್ ನಡುವೆ ನಿಂತ ಬಾಗಿಲಿಗೂ ನಂಟು ಹೊಳೆಯುವುದು ನಡೆದವರಿಗೆ ಮಾತ್ರ.

ಕಾಲಲ್ಲಿ ಇನ್ನೂ ಕಸುವಿದ್ದರೆ ಸಂಜೆ ಊರ ಪಕ್ಕದ ಚಂದ್ರವಳ್ಳಿ, ಇಲ್ಲದಿದ್ದರೆ ಮರುದಿನಕ್ಕಿಡಿ. ಅಲ್ಲಿನ ಅಂಕಲಿ ಮಠದ ಗುಹೆಗೆ ಟಾರ್ಚ್ ಮತ್ತು ಗೊತ್ತಿರುವವರು ಇಲ್ಲದೆ ಇಳಿಯಬೇಡಿ, ಒಳಗೆ ಕಗ್ಗತ್ತಲು, ತಲೆ ತಗ್ಗಿಸಿಯೇ ನಡೆಯಬೇಕು. ಭೈರವೇಶ್ವರ ಗುಡಿಯ ಪಕ್ಕದ ಬಂಡೆಯಲ್ಲಿ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿದೆ, ನಾಲ್ಕನೆಯ ಶತಮಾನದ್ದು. ಅಕ್ಷರ ಮಾಸಿರುವುದರಿಂದ ಇಳಿಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ನೋಡಿ. ಅದರಲ್ಲಿ ಹೇಳಿರುವ ವಿಷಯ, ಒಂದು ಕೆರೆ ಕಟ್ಟಿಸಿದ್ದು.