ಎರಡು ಬಾಡಿಗೆ ಮನೆ, ಒಂದು ಸಿಂಡಿಕೇಶನ್: ಎರಡರಲ್ಲೂ ದುಡ್ಡು ಹಾಕಿ ನೋಡಿದ ಮೇಲೆ

ಅಮೆರಿಕದಲ್ಲಿ ನನಗೆ ಎರಡು ಬಾಡಿಗೆ ಮನೆಗಳಿವೆ. 2018ರಲ್ಲಿ ಕೊಂಡದ್ದು. 2021ರಲ್ಲಿ ಒಂದು ಅಪಾರ್ಟ್‌ಮೆಂಟ್ ಸಿಂಡಿಕೇಶನ್‌ಗೆ 50,000 ಡಾಲರ್ ಹಾಕಿದೆ.

ಹಾಕಿದ್ದಕ್ಕೆ ಕಾರಣ ಒಂದು ವಾಟರ್ ಹೀಟರ್. ರಾತ್ರಿ ಹನ್ನೊಂದಕ್ಕೆ ಬಾಡಿಗೆದಾರರ ಫೋನ್. ಹೋಗಿ ನೋಡಿದರೆ ಗ್ಯಾರೇಜ್ ತುಂಬ ನೀರು. ಹಳೇ ಟವೆಲ್‌ನಲ್ಲಿ ಒರೆಸುತ್ತಾ, ಯಾವ ಪ್ಲಂಬರ್ ಬರ್ತಾನೆ ಅಂತ ಒಂದರ ಮೇಲೊಂದು ಫೋನ್ ಮಾಡುತ್ತಾ ಕೂತಿದ್ದೆ. ಸಿಂಡಿಕೇಶನ್‌ನಲ್ಲಿ ಈ ತಲೆನೋವಿಲ್ಲ. ಎಷ್ಟೋ ಜನ ದುಡ್ಡು ಸೇರಿಸಿ ದೊಡ್ಡ ಕಟ್ಟಡ ಕೊಳ್ಳುತ್ತಾರೆ, ಸ್ಪಾನ್ಸರ್ ಅದನ್ನು ನಡೆಸುತ್ತಾರೆ, ನಾವು ಲಿಮಿಟೆಡ್ ಪಾರ್ಟ್‌ನರ್, ಅಂದರೆ ದುಡ್ಡು ಹಾಕುವವರು ಮಾತ್ರ. ಆದರೆ ಎಲ್ಲರಿಗೂ ಬಾಗಿಲು ತೆರೆದಿಲ್ಲ. ಬಹಳಷ್ಟು ಡೀಲ್‌ಗಳು ಅಕ್ರೆಡಿಟೆಡ್ ಇನ್ವೆಸ್ಟರ್‌ಗಳಿಗೆ ಮಾತ್ರ: ವರ್ಷಕ್ಕೆ 2 ಲಕ್ಷ ಡಾಲರ್‌ಗಿಂತ ಜಾಸ್ತಿ ಆದಾಯ, ದಂಪತಿಗೆ 3 ಲಕ್ಷ, ಇಲ್ಲವೇ ವಾಸದ ಮನೆ ಬಿಟ್ಟು, ಸಾಲ ಕಳೆದು 10 ಲಕ್ಷಕ್ಕಿಂತ ಜಾಸ್ತಿ ಆಸ್ತಿ.

ಮೊದಲ ವರ್ಷ ತಿಂಗಳಿಗೆ 291 ಡಾಲರ್ ತಪ್ಪದೇ ಬಂತು. ನಿಜವಾಗಿ ಖುಷಿಯಾಗಿತ್ತು.

ಆಮೇಲೆ ಬಡ್ಡಿ ಏರಿತು. 2022ರ ಮಾರ್ಚ್‌ನಲ್ಲಿ ಸೊನ್ನೆಯ ಹತ್ತಿರವಿದ್ದ ಫೆಡ್ (ಅಮೆರಿಕದ ಕೇಂದ್ರ ಬ್ಯಾಂಕ್) ದರ 2023ರ ಜುಲೈಗೆ 5.25ರಿಂದ 5.5 ಪರ್ಸೆಂಟ್‌ಗೆ ಬಂತು. ನಮ್ಮ ಕಟ್ಟಡದ್ದು ಮೂರು ವರ್ಷದ ಬ್ರಿಡ್ಜ್ ಲೋನ್, ಅಂದರೆ ಅಲ್ಪಾವಧಿ ಸಾಲ; ಬಡ್ಡಿಯೂ ಫ್ಲೋಟಿಂಗ್, ಮಾರುಕಟ್ಟೆ ದರದ ಜೊತೆ ಏರಿಳಿಯುವಂಥದ್ದು. ಬಡ್ಡಿ ಒಂದು ಮಿತಿ ದಾಟದಂತೆ ಕಾಯುವ ರೇಟ್ ಕ್ಯಾಪ್ ಇತ್ತು. ಅದರ ಅವಧಿ ಮುಗಿದಾಗ ಹೊಸದನ್ನು ಕೊಳ್ಳುವ ಖರ್ಚು ಎಷ್ಟೋ ಪಟ್ಟು ಏರಿತ್ತು. ಮೊದಲು ತಿಂಗಳ ದುಡ್ಡು ನಿಂತಿತು. ನಂತರ ಕ್ಯಾಪಿಟಲ್ ಕಾಲ್: ಇನ್ನೂ 10,000 ಡಾಲರ್ ಕೊಡಿ, ಕೊಡದಿದ್ದರೆ ನಿಮ್ಮ ಪಾಲು ಕರಗುತ್ತದೆ. ಆ ಇಮೇಲನ್ನು ನಾಲ್ಕು ಸಲ ಓದಿದೆ. ಆ ಕಟ್ಟಡದ ಮನೆಗಳು ಭರ್ತಿ ಇದ್ದವು, ಬಾಡಿಗೆ ಬರುತ್ತಿತ್ತು. ಕಟ್ಟಡದಲ್ಲಿ ತಪ್ಪಿರಲಿಲ್ಲ, ಸಾಲದಲ್ಲಿತ್ತು.

ಅದೇ ತಿಂಗಳು ನನ್ನ ಎರಡು ಮನೆಗಳ ಕಂತು 2018ರಲ್ಲಿ ಇದ್ದಷ್ಟೇ ಇತ್ತು. 30 ವರ್ಷದ ಫಿಕ್ಸೆಡ್ ಸಾಲ. ಪ್ರಾಪರ್ಟಿ ಟ್ಯಾಕ್ಸ್, ಇನ್ಶೂರೆನ್ಸ್ ಏರಿದ್ದು ನಿಜ, ಆದರೆ ಇವತ್ತೇ ಮಾರು ಅಂತ ನನ್ನನ್ನು ಯಾರೂ ಒತ್ತಾಯಿಸುವಂತಿರಲಿಲ್ಲ. ಸಿಂಡಿಕೇಶನ್‌ಗೆ ದುಡ್ಡು ಹಾಕಿ, ಮನೆ ನೋಡಿಕೊಳ್ಳುವ ಕೆಲಸ ಮಾತ್ರ ಬಿಟ್ಟುಕೊಟ್ಟೆ ಅಂದುಕೊಂಡಿದ್ದೆ. ಕಾಯುವ ಹಕ್ಕನ್ನೂ ಬಿಟ್ಟುಕೊಟ್ಟಿದ್ದೆ.

ತೆರಿಗೆಯಲ್ಲಿ ಸಿಂಡಿಕೇಶನ್ ನಿಜಕ್ಕೂ ಒಳ್ಳೆಯದು. ಮೊದಲ ವರ್ಷದ ಬೋನಸ್ ಡಿಪ್ರಿಸಿಯೇಶನ್‌ನಿಂದ (ಸವಕಳಿಯ ದೊಡ್ಡ ಪಾಲನ್ನು ಮೊದಲ ವರ್ಷವೇ ಲೆಕ್ಕಕ್ಕೆ ಹಿಡಿಯುವುದು) ಕಾಗದದ ಮೇಲೆ ದೊಡ್ಡ ನಷ್ಟ ಬಂತು, ಅದರಲ್ಲಿ ನನ್ನ ಮನೆಗಳ ಬಾಡಿಗೆ ಲಾಭ ವಜಾ ಆಯಿತು. ಸಂಬಳದ ಮೇಲಿನ ತೆರಿಗೆ ಮಾತ್ರ ಒಂದು ಡಾಲರ್ ಕೂಡ ಇಳಿಯಲಿಲ್ಲ, ಯಾಕಂದ್ರೆ ಅದು ಪ್ಯಾಸಿವ್ ನಷ್ಟ, ಸಂಬಳದಲ್ಲಿ ಕಳೆಯುವಂತಿಲ್ಲ. ನನ್ನ ಪಾಲಿನ ಲಾಭ-ನಷ್ಟ ತೋರಿಸುವ ಕೆ-1 ತೆರಿಗೆ ಫಾರ್ಮ್ ಮಾರ್ಚ್ 15ಕ್ಕೆ ಬರಬೇಕು, ನನಗೆ ಸೆಪ್ಟೆಂಬರ್‌ನಲ್ಲಿ ಸಿಗುತ್ತದೆ. ಹಾಗಾಗಿ ಪ್ರತಿ ವರ್ಷ ತೆರಿಗೆ ರಿಟರ್ನ್‌ಗೆ ಅಕ್ಟೋಬರ್‌ವರೆಗೆ ಎಕ್ಸ್‌ಟೆನ್ಶನ್ ಹಾಕಲೇಬೇಕು.

ಮತ್ತೆ ಹಾಕುತ್ತೀರಾ ಅಂತ ಸ್ನೇಹಿತರು ಕೇಳುತ್ತಾರೆ. ಹಾಕುತ್ತೇನೆ, ಆದರೆ ಲಾಭದ ಅಂದಾಜಿನ ಪುಟ ಆಮೇಲೆ. ಮೊದಲು ಸಾಲದ ಪುಟ: ಫಿಕ್ಸೆಡ್ಡಾ, ಎಷ್ಟು ವರ್ಷ, ಸ್ಪಾನ್ಸರ್ ತಮ್ಮ ಸ್ವಂತ ದುಡ್ಡು ಎಷ್ಟು ಹಾಕಿದ್ದಾರೆ. ಆ 10,000 ಡಾಲರ್ ಕೊಟ್ಟೆ. ಕಟ್ಟಡ ಇನ್ನೂ ಮಾರಾಟವಾಗಿಲ್ಲ.