450 ರೂಪಾಯಿಯ ಇಂಪ್ಯಾಕ್ಟ್ ಡ್ರೈವರ್ ಮತ್ತು ನನ್ನ ಆರ್‌ಎಕ್ಸ್ 100ರ ಬೋಳು ಸ್ಕ್ರೂಗಳು

ಕಳೆದ ವರ್ಷ ಬೇಸಿಗೆಯಲ್ಲಿ ಬೆಂಗಳೂರಿನ ಎಸ್.ಜೆ.ಪಿ. ರೋಡಿಗೆ ಹೋಗಿ ಒಂದು ಹ್ಯಾಂಡ್ ಇಂಪ್ಯಾಕ್ಟ್ ಡ್ರೈವರ್ ತಂದೆ. ಸುತ್ತಿಗೆಯಲ್ಲಿ ಹೊಡೆದು ಹಟಮಾರಿ ಸ್ಕ್ರೂ ಬಿಚ್ಚುವ ಉಪಕರಣ ಇದು. ಅಂಗಡಿಯವರು 550 ಅಂದರು, 450ಕ್ಕೆ ಕೊಟ್ಟರು. ಕೆಂಪು ತಗಡಿನ ಡಬ್ಬ. ಒಳಗೆ ಒಂದು ಗೇಣಿಗಿಂತ ಸ್ವಲ್ಪ ಚಿಕ್ಕದಾದ ಉರುಳೆಯಂಥ ಉಕ್ಕಿನ ಗುಂಡು, ಬಿಟ್ (ಸ್ಕ್ರೂ ತಲೆಗೆ ಕೂರುವ ತುದಿ) ಸಿಕ್ಕಿಸುವ ಒಂದು ಹಿಡಿ, ನಾಲ್ಕು ಬಿಟ್‌ಗಳು: ಎರಡು ಸ್ಟಾರ್, ಎರಡು ಫ್ಲಾಟ್. ಡಬ್ಬದ ಮೇಲೆ ಕಂಪನಿ ಹೆಸರೇ ಇಲ್ಲ. ‘ಹೆವಿ ಡ್ಯೂಟಿ’ ಅಂತ ದಪ್ಪಕ್ಷರದಲ್ಲಿ ಇದೆ. ಒಂದು ವರ್ಷ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ, ಹೊಸದರ ಖುಷಿಯಲ್ಲಿ ಅಲ್ಲ.

ಮೊದಲು ಯಾಕೆ ಬೇಕಾಯಿತು ಅಂತ ಹೇಳಿಬಿಡುತ್ತೇನೆ. ನನ್ನದು ತುಮಕೂರಿನಲ್ಲಿ ಸಣ್ಣ ಮೆಡಿಕಲ್ ಶಾಪ್. ಗಾಡಿ 1995ರ ಯಮಹಾ ಆರ್‌ಎಕ್ಸ್ 100 ಬೈಕ್, ಅಂಗಡಿ ಶುರು ಮಾಡಿದ ವರ್ಷ ತಗೊಂಡದ್ದು. ಮರುವರ್ಷವೇ ಅದರ ತಯಾರಿಕೆ ನಿಂತುಹೋಯಿತು. 98 ಸಿಸಿ ಟೂ ಸ್ಟ್ರೋಕ್, ನಾಲ್ಕು ಗೇರ್. ಅದರ ಸದ್ದು ಗೊತ್ತಿರುವವರಿಗೆ ಹೆಚ್ಚು ಹೇಳಬೇಕಿಲ್ಲ, ಅಲ್ವಾ?

ಒಂದು ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ದೇವರಾಯನದುರ್ಗಕ್ಕೆ ಹೊರಟೆ. ನಾಮದ ಚಿಲುಮೆ ತನಕ ಏನೂ ತೊಂದರೆ ಇರಲಿಲ್ಲ. ಬೆಟ್ಟದ ಏರು ಶುರುವಾದ ಮೇಲೆ ಆಕ್ಸಿಲರೇಟರ್ ತಿರುಗಿಸಿದರೆ ಸದ್ದು ಏರುತ್ತದೆ, ಗಾಡಿ ಏರುವುದಿಲ್ಲ. ಕ್ಲಚ್ ಸ್ಲಿಪ್, ಅಂದರೆ ಎಂಜಿನ್ನಿನ ಬಲ ಚಕ್ರಕ್ಕೆ ಮುಟ್ಟುತ್ತಿಲ್ಲ. ಇವಳು ಇಳಿದು ಅರ್ಧ ಕಿಲೋಮೀಟರ್ ನಡೆದಳು. ಮೇಲೆ ಬಂದವಳು “ರೀ, ಇನ್ನು ಮೇಲೆ ದೇವರ ದರ್ಶನಕ್ಕೆ ಬಸ್ಸಲ್ಲೇ ಬರೋಣ” ಅಂದಳು. ನಾನು ಸುಮ್ನಿದ್ದೆ.

ಕೇಬಲ್ ಅಡ್ಜಸ್ಟ್ ಮಾಡಿ ನೋಡಿದೆ, ಪ್ರಯೋಜನ ಆಗಲಿಲ್ಲ. ಕ್ಲಚ್ ಪ್ಲೇಟ್ ಬದಲಿಸಬೇಕು ಅಂದರೆ ಬಲಗಡೆಯ ಕ್ಲಚ್ ಕವರ್ ಬಿಚ್ಚಬೇಕು. ಅದನ್ನು ಹಿಡಿದುಕೊಂಡಿರುವುದು ಸ್ಟಾರ್ ತಲೆಯ 6 ಎಂಎಂ ಸ್ಕ್ರೂಗಳು. ಹಿಂದೊಮ್ಮೆ ಒಬ್ಬ ಮೆಕ್ಯಾನಿಕ್ ಹತ್ತಿರ ಇದೇ ಕವರ್ ಬಿಚ್ಚಿಸಿದ್ದೆ. ಆತ ಸ್ಕ್ರೂಡ್ರೈವರ್ ಎರಡು ಸಲ ತಿರುಗಿಸಿ, ಬರಲಿಲ್ಲ ಅಂತ ಚಾಣ ಇಟ್ಟು ಸುತ್ತಿಗೆಯಲ್ಲಿ ಹೊಡೆದ. “ಬರ್ತದೆ ಸಾರ್, ಚಾಣಕ್ಕೆ ಬರದೇ ಇರೋ ಸ್ಕ್ರೂ ಇಲ್ಲ” ಅಂದ. ಬಂತು. ಆದರೆ ಒಂದು ಸ್ಕ್ರೂ ತಲೆ ಅರ್ಧ ಹಾರಿಹೋಯಿತು, ಕವರಿನ ಅಂಚಿಗೆ ಹಲ್ಲಿನ ಗುರುತಿನಂತೆ ಗಾಯ ಬಿತ್ತು. ಅದೇ ಸ್ಕ್ರೂಗಳನ್ನೇ ತಿರುಗಿ ಹಾಕಿ ಇನ್ನೂ ಬಿಗಿ ಮಾಡಿ ಕಳಿಸಿದ. ಅವತ್ತೇ ತೀರ್ಮಾನ ಮಾಡಿದ್ದೆ, ಮುಂದಿನ ಸಲ ನಾನೇ ಬಿಚ್ಚುವುದು ಅಂತ.

ಈ ಸ್ಕ್ರೂಗಳ ಬಗ್ಗೆ ಒಂದು ಮಾತು. ನೋಡಲು ನಮ್ಮ ಸ್ವಿಚ್ ಬೋರ್ಡಿನ ಸ್ಟಾರ್ ಸ್ಕ್ರೂ ಥರವೇ ಇರುತ್ತವೆ. ಆದರೆ ಹಳೇ ಜಪಾನಿ ವಿನ್ಯಾಸದ ಗಾಡಿಗಳಲ್ಲಿ ಇರುವುದು ಜಪಾನಿನದೇ ಅಳತೆಯ ಸ್ಟಾರ್, ಜೆಐಎಸ್ ಅನ್ನುತ್ತಾರೆ. ಅಂಥ ಸ್ಕ್ರೂಗಳ ತಲೆಯಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ಚುಕ್ಕೆ ಇರುತ್ತದೆ. ಸಾದಾ ಸ್ಟಾರ್ (ಫಿಲಿಪ್ಸ್) ಸ್ಕ್ರೂಡ್ರೈವರ್ ಅದರ ತಳ ಮುಟ್ಟುವುದಿಲ್ಲ, ಒಂದು ಕೂದಲೆಳೆ ಮೇಲೇ ನಿಲ್ಲುತ್ತದೆ. ಜೋರು ಹಾಕಿದರೆ ಮೇಲೆದ್ದು ಜಾರುತ್ತದೆ. ಜಾರಿದಾಗಲೆಲ್ಲ ಗೀರು ಸವೆಯುತ್ತದೆ. ಮೂರು ಸಲ ಜಾರಿದರೆ ತಲೆ ಬೋಳು. ಇದರ ಜೊತೆಗೆ ಎಲ್ಲರೂ ಮಾಡುವ ತಪ್ಪು ಇನ್ನೊಂದು: ಮನೆಯಲ್ಲಿ ಇರುವುದು 2ನೇ ನಂಬರ್ ಸ್ಟಾರ್. 6 ಎಂಎಂ ಸ್ಕ್ರೂಗೆ ಬೇಕಾದದ್ದು 3ನೇ ನಂಬರ್. ನನಗೂ ಇದು ಐವತ್ತು ದಾಟಿದ ಮೇಲೇ ಗೊತ್ತಾಯಿತು.

ಇಂಪ್ಯಾಕ್ಟ್ ಡ್ರೈವರ್ ಕೆಲಸ ಮಾಡುವ ರೀತಿ ಚೆನ್ನಾಗಿದೆ. ಗುಂಡಿನ ಒಳಗೆ ಒಂದು ಸ್ಪ್ರಿಂಗ್, ಓರೆಯಾಗಿ ಕೊರೆದ ಒಂದು ದಾರಿ. ತಲೆಗೆ ಸುತ್ತಿಗೆಯಲ್ಲಿ ಹೊಡೆದರೆ ಏಟು ಎರಡು ಭಾಗ ಆಗುತ್ತದೆ. ಅರ್ಧ ಏಟು ಬಿಟ್ಟನ್ನು ಸ್ಕ್ರೂ ಒಳಗೆ ಒತ್ತುತ್ತದೆ, ಇನ್ನರ್ಧ ಅದೇ ಕ್ಷಣದಲ್ಲಿ ಸ್ವಲ್ಪವೇ ತಿರುಗಿಸುತ್ತದೆ. ಒತ್ತಿ ಹಿಡಿದಿರುವುದರಿಂದ ಜಾರುವುದಕ್ಕೆ ಎಡೆ ಇಲ್ಲ. ಕೈಯಲ್ಲಿ ಎಷ್ಟೇ ಬಲ ಇದ್ದರೂ ಒತ್ತುವುದು, ತಿರುಗಿಸುವುದು ಎರಡನ್ನೂ ಆ ವೇಗದಲ್ಲಿ ಮಾಡಲು ಆಗುವುದಿಲ್ಲ.

ಮೊದಲ ದಿನ ನಾನು ಮಾಡಿದ್ದು ಕೇಳಿ. ಗಾಡಿಯನ್ನು ಮೇನ್ ಸ್ಟ್ಯಾಂಡಿಗೆ ಹಾಕಿ, ಗೇರ್ ಆಯಿಲ್ ಇಳಿಸಿ, ಕಿಕ್ಕರ್ ತೆಗೆದು, ಬಿಟ್ ಇಟ್ಟು ನಾಲ್ಕು ಏಟು ಹೊಡೆದೆ. ಸ್ಕ್ರೂ ಅಲ್ಲಾಡಲಿಲ್ಲ. ಐದನೇದು ಹೊಡೆದೆ. ಆಮೇಲೆ ನೋಡಿದರೆ ಡ್ರೈವರ್ ಬಲಕ್ಕೆ ಸೆಟ್ ಆಗಿದೆ! ಬಿಚ್ಚುವ ಬದಲು ಇನ್ನಷ್ಟು ಬಿಗಿ ಮಾಡಿದ್ದೆ. ಎಡ, ಬಲ ಅನ್ನುವ ಗುರುತನ್ನು ಗುಂಡಿನ ಮೇಲೆ ಎಷ್ಟು ತೆಳ್ಳಗೆ ಕೆತ್ತಿದ್ದಾರೆ ಅಂದರೆ, ಮಾತ್ರೆ ಸ್ಟ್ರಿಪ್ಪಿನ ಎಕ್ಸ್‌ಪೈರಿ ದಿನಾಂಕ ಓದಿ ಅಭ್ಯಾಸ ಇರುವ ನನಗೂ ಕಾಣಲಿಲ್ಲ. ಈಗ ನೇಲ್ ಪಾಲಿಷ್‌ನಲ್ಲಿ ಎರಡು ಚುಕ್ಕೆ ಇಟ್ಟಿದ್ದೇನೆ, ಬಿಚ್ಚುವುದಕ್ಕೆ ಕೆಂಪು, ಹಾಕುವುದಕ್ಕೆ ಹಸಿರು.

ಸರಿಯಾಗಿ ಸೆಟ್ ಮಾಡಿ, ಕೈಯಲ್ಲೇ ಎಡಕ್ಕೆ ಬಿಗಿಯಾಗಿ ತಿರುಚಿ ಹಿಡಿದು, ನೇರ ಒಂದು ಏಟು. ‘ಟಕ್’ ಅನ್ನುವ ಸಣ್ಣ ಸದ್ದು ಬಂತು. ಅದು ಸುತ್ತಿಗೆಯ ಸದ್ದಲ್ಲ, ಸ್ಕ್ರೂ ಬಿಟ್ಟುಕೊಟ್ಟ ಸದ್ದು. ಮಿಕ್ಕದ್ದನ್ನು ಬೆರಳಲ್ಲೇ ತಿರುಗಿಸಿ ತೆಗೆದೆ. ಸ್ಕ್ರೂವಿನ ಎಳೆಯ (ಥ್ರೆಡ್) ಮೇಲೆಲ್ಲ ಬಿಳಿ ಪುಡಿ. ಉಕ್ಕಿನ ಸ್ಕ್ರೂ, ಅಲ್ಯೂಮಿನಿಯಂ ಕವರ್, ಮಳೆ ನೀರು ಮೂರೂ ಸೇರಿದರೆ ಹೀಗೇ ಹಿಡಿದುಕೊಳ್ಳುತ್ತದೆ.

ಜೋರಾಗಿ ಹೊಡೆಯುವುದಕ್ಕಿಂತ ನೇರವಾಗಿ ಹೊಡೆಯುವುದು ಮುಖ್ಯ. ಸುತ್ತಿಗೆ ಸ್ವಲ್ಪ ಭಾರದ್ದು ಇರಬೇಕು. ಮೊಳೆ ಹೊಡೆಯುವ ಚಿಕ್ಕ ಸುತ್ತಿಗೆಯಲ್ಲಿ ಹತ್ತು ಏಟು ಹೊಡೆದರೂ ಆಗದ್ದು ಒಂದು ಕೆಜಿಯ ಸುತ್ತಿಗೆಯಲ್ಲಿ ಎರಡೇ ಏಟಿಗೆ ಆಯಿತು. ಹಟ ಮಾಡಿದ ಒಂದಕ್ಕೆ ಅಡುಗೆ ಮನೆಯಿಂದ ಕುದಿಯುವ ನೀರು ತಂದು ಕವರಿನ ಮೇಲೆ ಸುರಿದೆ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಹಿಡಿತ ಸಡಿಲ ಆಗುತ್ತದೆ. ಆಗಲೇ ಸವೆದಿದ್ದ ಇನ್ನೊಂದಕ್ಕೆ ಬಿಟ್ಟಿನ ತುದಿಗೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಸವರಿದೆ. ಅದರ ಮರಳಿನಂಥ ಕಣಗಳು ಗೀರನ್ನು ಕಚ್ಚಿ ಹಿಡಿಯುತ್ತವೆ. ಚಾಣದ ಏಟು ತಿಂದಿದ್ದ ಆ ಅರ್ಧ ತಲೆಗೆ ಮಾತ್ರ ಇದ್ಯಾವುದೂ ನಡೆಯಲಿಲ್ಲ. ಹ್ಯಾಕ್ಸಾ ಬ್ಲೇಡಿನಲ್ಲಿ ನಿಧಾನವಾಗಿ ಒಂದು ಅಡ್ಡ ಗೀರು ಕೊಯ್ದು, ಫ್ಲಾಟ್ ಬಿಟ್ ಇಟ್ಟು ಹೊಡೆದೆ. ಬಂತು. ಆ ಒಂದಕ್ಕೇ ಮುಕ್ಕಾಲು ಗಂಟೆ.

ಈಗ ದೂರುಗಳು. ಬಿಟ್‌ಗಳು ಮೆತ್ತಗೆ. 3ನೇ ನಂಬರಿನ ಬಿಟ್ ನಾಲ್ಕನೇ ಸ್ಕ್ರೂಗೇ ಮೂಲೆ ಮಡಚಿಕೊಂಡಿತು. ಇದರಿಂದ ಒಳ್ಳೇ ಸ್ಕ್ರೂನೂ ಹಾಳಾಗುತ್ತದೆ. ಒಳ್ಳೇ ಕಂಪನಿಯದೊಂದು 3ನೇ ನಂಬರ್ ಬಿಟ್ ಬೇರೆ ತಂದೆ, 90 ರೂಪಾಯಿ ಆಯಿತು. ಅದು ಇವತ್ತಿಗೂ ಗಟ್ಟಿ ಇದೆ. ಹಾಗಾಗಿ ಇದರ ನಿಜವಾದ ಬೆಲೆ 540 ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ಎರಡನೇದು, ಕೈಗೆ ಕಾಪು ಇಲ್ಲ. ಹಿಡಿಯ ಮೇಲೆ ರಬ್ಬರ್ ಗಾರ್ಡ್ ಇರುವ ಮಾದರಿಗಳೂ ಬರುತ್ತವೆ. ಇದರಲ್ಲಿ ಬರೀ ಉಕ್ಕು. ಸುತ್ತಿಗೆ ಒಮ್ಮೆ ಜಾರಿ ಹೆಬ್ಬೆರಳಿಗೆ ಬಿತ್ತು. ಉಗುರು ಕಪ್ಪಾಗಿ ಎರಡು ತಿಂಗಳು ಗಿರಾಕಿಗಳೆಲ್ಲ “ಏನಾಯ್ತು ಸಾರ್, ನೀವೇ ಔಷಧಿ ಹಚ್ಕೊಳ್ಳೋದಲ್ವಾ” ಅಂತ ಕೇಳುತ್ತಿದ್ದರು. ಈಗ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ, ನಡುವೆ ತೂತು ಮಾಡಿ ಛತ್ರಿಯ ಥರ ತೂರಿಸಿದ್ದೇನೆ.

ಮೂರನೇದು ತುಕ್ಕು. ಮೊದಲ ಮಳೆಗಾಲಕ್ಕೇ ಕಪ್ಪು ಬಣ್ಣ ಹೋಗಿ ಕೆಂಪಾಯಿತು. ಒಳಗಿನ ಗ್ರೀಸೂ ಒಣಗಿತ್ತು, ತಿರುಗುವಾಗ ಕರಕರ ಅನ್ನುತ್ತಿತ್ತು. ಒಳಭಾಗಗಳನ್ನು ಹಿಡಿದಿಡುವ ಸರ್ಕ್ಲಿಪ್ ತೆಗೆದು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸ್ ತುಂಬಿದ ಮೇಲೆ ಸರಿಯಾಯಿತು.

ಸದ್ದಿನ ವಿಷಯ ಉಪಕರಣದ ತಪ್ಪಲ್ಲ, ಆದರೂ ಹೇಳುತ್ತೇನೆ. ನಾವಿರುವುದು ಮೊದಲನೇ ಮಹಡಿ, ಗಾಡಿ ಕೆಲಸ ಕೆಳಗಿನ ಪೋರ್ಟಿಕೋದಲ್ಲಿ. ಕೆಳಗಡೆ ಇರುವವರು ಮನೆ ಮಾಲೀಕರು. ಮಧ್ಯಾಹ್ನ ಮಲಗಿದ್ದವರು ಎದ್ದು ಬಂದು ಸ್ವಲ್ಪ ಹೊತ್ತು ನೋಡಿ “ಮೆಕ್ಯಾನಿಕ್‌ಗೆ ಕೊಟ್ಟಿದ್ರೆ ಎಷ್ಟಾಗ್ತಿತ್ತು?” ಅಂತ ಕೇಳಿದರು. ಹೇಳಿದೆ. “ಆ ದುಡ್ಡು ನಾನೇ ಕೊಡ್ತಿದ್ದೆ” ಅಂದು ಒಳಗೆ ಹೋದರು.

ಎಲ್ಲಿ ಬಳಸಬಾರದು ಅನ್ನುವುದೂ ಮುಖ್ಯ. ಕಾರ್ಬ್ಯುರೇಟರ್ ಹತ್ತಿರ ಇದನ್ನು ಒಯ್ಯಲೇಬೇಡಿ. ಆ ಲೋಹ ಬಲು ಮೆತ್ತಗೆ, ಒಂದೇ ಏಟಿಗೆ ಸೀಳು ಬಿಡುತ್ತದೆ. ಆಯಿಲ್ ಪಂಪಿನ ಸ್ಕ್ರೂಗಳಿಗೂ ಬೇಡ. ಅಂಥ ಕಡೆ ಸರಿಯಾದ ಜೆಐಎಸ್ ಸ್ಕ್ರೂಡ್ರೈವರ್ ಒಂದು ತಗೊಂಡು ಕೈಯಲ್ಲೇ ಬಿಚ್ಚಿ. ಮತ್ತೆ ಹಾಕುವಾಗಲೂ ಇಂಪ್ಯಾಕ್ಟ್ ಬೇಡ. ಡಬ್ಬದ ಮೇಲೆ ‘ಬಿಗಿ ಮಾಡಲೂ ಬಳಸಿ’ ಅಂತ ಚಿತ್ರ ಹಾಕಿದ್ದಾರೆ. ನಂಬಬೇಡಿ. ಅಲ್ಯೂಮಿನಿಯಂನ ಎಳೆ ಹೋಯಿತು ಅಂದರೆ ಕವರಿನ ಸ್ಕ್ರೂ ತಂದಷ್ಟು ಸುಲಭವಾಗಿ ಅದನ್ನು ತರಲು ಆಗುವುದಿಲ್ಲ.

ನಾನು ಹಳೇ ಸ್ಟಾರ್ ಸ್ಕ್ರೂಗಳನ್ನೆಲ್ಲ ಬಿಟ್ಟು ಅಲೆನ್ ಬೋಲ್ಟ್ (ತಲೆಯಲ್ಲಿ ಆರು ಮೂಲೆಯ ಕುಳಿ ಇರುವುದು) ಹಾಕಿದೆ. ಎಲ್ಲವೂ ಒಂದೇ ಉದ್ದ ಇರುವುದಿಲ್ಲ, ಇದನ್ನು ಮರೆಯಬೇಡಿ. ಟಾನಿಕ್ ಬಾಟಲಿಗಳು ಬರುವ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಅದರ ಮೇಲೆ ಕವರಿನ ಆಕಾರ ಬರೆದು, ಪ್ರತಿ ಸ್ಕ್ರೂವನ್ನೂ ಅದರದರ ಜಾಗದಲ್ಲೇ ಚುಚ್ಚಿಟ್ಟೆ. ಬೋಲ್ಟ್ ತರಲು ಆ ರಟ್ಟನ್ನೇ ಅಂಗಡಿಗೆ ಒಯ್ದೆ. ಎಳೆಗೆ ಚೂರು ಗ್ರೀಸ್ ಸವರಿ, ಎಲ್ ಆಕಾರದ ಅಲೆನ್ ಕೀಯ ಗಿಡ್ಡ ತುದಿ ಹಿಡಿದು ಬಿಗಿ ಮಾಡಿದೆ. ಉದ್ದ ತುದಿ ಹಿಡಿದರೆ ಕೈಗೆ ಗೊತ್ತಾಗದೇ ಜಾಸ್ತಿ ಬಲ ಬೀಳುತ್ತದೆ.

ಪ್ಲೇಟ್‌ಗಳ ಕೆಲಸ ಸುಲಭ. ಹೊಸ ಪ್ಲೇಟ್‌ಗಳನ್ನು ರಾತ್ರಿಯಿಡೀ ಗೇರ್ ಆಯಿಲಿನಲ್ಲಿ ನೆನೆಸಿಟ್ಟು ಹಾಕಿದೆ. (ನೆನೆಸಿದ್ದು ಯಾವ ಡಬ್ಬದಲ್ಲಿ ಅನ್ನುವ ಜಗಳ ಇನ್ನೂ ಮುಗಿದಿಲ್ಲ.) ಆಮೇಲೆ ಗೇರ್ ಆಯಿಲ್ 650 ಮಿಲಿ, ಅಂಗಡಿಯ ಅಳತೆ ಗ್ಲಾಸಿನಲ್ಲೇ ಅಳೆದೆ.

ಆರ್‌ಎಕ್ಸ್ ಇರುವವರು ಒಂದು ವಿಷಯದಲ್ಲಿ ಜಾಗ್ರತೆ ಇರಬೇಕು. ಟೂಟಿ (ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಜೊತೆ ಉರಿಯುವ ಆಯಿಲ್) ಪಂಪ್ ಇರುವುದು ಇದೇ ಕವರಿನ ಮೇಲೆ. ಪೈಪ್ ಬಿಚ್ಚಿದಾಗ ಒಳಗೆ ಗಾಳಿ ಸೇರುತ್ತದೆ. ಹಾಗೇ ಓಡಿಸಿದರೆ ಎಂಜಿನ್ನಿಗೆ ಆಯಿಲ್ ಹೋಗದೆ ಪಿಸ್ಟನ್ ಜಾಮ್ ಆಗುತ್ತದೆ. ಎಂಜಿನ್ನಿಗೆ ಹೋಗುವ ಸಣ್ಣ ಪೈಪಿಗೆ ಸೂಜಿ ಇಲ್ಲದ 5 ಮಿಲಿ ಸಿರಿಂಜಿನಲ್ಲಿ ಆಯಿಲ್ ತುಂಬಿದೆ. ಪಂಪಿನ ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವ ತನಕ ಆಯಿಲ್ ಹರಿಯಲು ಬಿಟ್ಟೆ. ಸಲೈನ್ ಹಾಕುವ ಮುಂಚೆ ನರ್ಸ್‌ಗಳು ಪೈಪಿನ ಗಾಳಿ ತೆಗೆಯುತ್ತಾರಲ್ಲ, ಅದೇ ಕೆಲಸ. ಭಯಕ್ಕೆ ಮೊದಲ ಟ್ಯಾಂಕ್ ಪೆಟ್ರೋಲಿಗೂ ಲೀಟರಿಗೆ 20 ಮಿಲಿ ಟೂಟಿ ಬೆರೆಸಿದೆ. ಎರಡು ದಿನ ಬೀದಿ ತುಂಬ ಹೊಗೆ.

ತಗೊಳ್ಳಬೇಕಾ ಅಂದರೆ, ಹಳೇ ಆರ್‌ಎಕ್ಸ್, ಹಳೇ ಹೀರೋ ಹೋಂಡಾ, ಸುಜುಕಿ ಯಾವುದೇ ಇರಲಿ, ಎಂಜಿನ್ ಕವರನ್ನು ಮನೆಯಲ್ಲೇ ಬಿಚ್ಚುವ ಯೋಚನೆ ಇದ್ದರೆ ಮೊದಲು ಇದನ್ನು ತಗೊಳ್ಳಿ, ಆಮೇಲೆ ಸ್ಪ್ಯಾನರ್ ಸೆಟ್. ಸ್ಕ್ರೂ ಬೋಳಾದ ಮೇಲೆ ತಗೊಂಡರೆ ಅರ್ಧ ಕೆಲಸಕ್ಕೆ ಮಾತ್ರ ಬರುತ್ತದೆ. ಕೈಯಲ್ಲಿ 200 ರೂಪಾಯಿ ಜಾಸ್ತಿ ಇದ್ದರೆ ರಬ್ಬರ್ ಗಾರ್ಡ್ ಇರುವುದನ್ನೇ ಕೇಳಿ. ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದೂವರೆ ಕಳೆದದ್ದು ಬಿಟ್‌ಗಳಿಗಾಗಿ.

ನನ್ನ ಗಾಡಿಯಲ್ಲಿ ಇನ್ನೂ ಎಡಗಡೆಯ ಮ್ಯಾಗ್ನೆಟ್ ಕವರ್ ಬಾಕಿ ಇದೆ. ಅದರಲ್ಲೂ ಒಂದು ಸ್ಕ್ರೂಗೆ ಚಾಣದ ಗುರುತು ಕಾಣುತ್ತಿದೆ. ಮಾಲೀಕರು ಮುಂದಿನ ವಾರ ಮಗಳ ಊರಿಗೆ ಹೋಗುತ್ತಾರಂತೆ. ಬಿಟ್‌ಗೆ ಎಣ್ಣೆ ಸವರಿ ಇಟ್ಟಿದ್ದೇನೆ.